ಪಾಸ್‌ಪೋರ್ಟ್ ಬೀರುವಿನಲ್ಲೇ ಇದೆ, ಪೌರತ್ವ ಇಲ್ಲ

ಪ್ರಶ್ನೆ: ಎಂಟು ವರ್ಷಗಳಿಂದ ನಾವು ಜರ್ಮನಿಯಲ್ಲಿದ್ದೇವೆ. ಮಗಳು ಹುಟ್ಟಿದ್ದು ಭಾರತದಲ್ಲಿ, ಅವಳಿಗೀಗ ಒಂಬತ್ತು ವರ್ಷ. 2024ರಲ್ಲಿ ಇಲ್ಲಿನ ಕಾನೂನು ಬದಲಾಗಿ, ಮೂಲ ಪೌರತ್ವ ಬಿಡದೆಯೇ ಜರ್ಮನ್ ಪೌರತ್ವ ಪಡೆಯಬಹುದು ಎಂದಾಯಿತು. ನಾನೊಬ್ಬಳೇ ಅರ್ಜಿ ಹಾಕಿದೆ. ಎರಡು ತಿಂಗಳ ಹಿಂದೆ ಪೌರತ್ವದ ಪ್ರಮಾಣಪತ್ರ ಕೈಗೆ ಬಂತು. ಜರ್ಮನ್ ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲ. ನನ್ನ ಭಾರತೀಯ ಪಾಸ್‌ಪೋರ್ಟಿನ ಅವಧಿ ಇನ್ನೂ ನಾಲ್ಕು ವರ್ಷ ಇದೆ, ಅದನ್ನು ಒಪ್ಪಿಸುವ ತನಕ ನಾನು ಭಾರತದ ಪ್ರಜೆಯೇ ಎಂದು ಸ್ನೇಹಿತರು ಹೇಳುತ್ತಾರೆ. ನಿಜವೇ? ಅಪ್ಪನಿಗೆ ಹುಷಾರಿಲ್ಲ, ಮುಂದಿನ ತಿಂಗಳು ಊರಿಗೆ ಬರಲೇಬೇಕು. ಮಗಳ ಪೌರತ್ವಕ್ಕೆ ತೊಂದರೆ ಆಗುತ್ತದೆಯೇ? ಅಪ್ಪನ ಹೊಲದಲ್ಲಿ ನನ್ನ ಪಾಲು ಹೋಗುತ್ತದೆಯೇ? ಮುಂದೊಂದು ದಿನ ಮತ್ತೆ ಭಾರತೀಯಳಾಗಲು ದಾರಿ ಇದೆಯೇ?

ಉತ್ತರ: ನಿಮ್ಮ ಸ್ನೇಹಿತರ ಮಾತು ಸರಿಯಲ್ಲ. ಆ ಪ್ರಮಾಣಪತ್ರವನ್ನು ನಿಮ್ಮ ಕೈಗೆ ಕೊಟ್ಟ ದಿನವೇ ನಿಮ್ಮ ಭಾರತೀಯ ಪೌರತ್ವ ಮುಗಿಯಿತು. ಇದನ್ನು ಓದಿ ನಿಮಗೆ ಸಂಕಟವಾಗುತ್ತದೆಂದು ನನಗೆ ಗೊತ್ತು. ಅಪ್ಪನ ಆರೋಗ್ಯದ ಚಿಂತೆಯಲ್ಲಿರುವವರಿಗೆ ಇಂಥ ಮಾತು ಹೇಳಲು ನನಗೂ ಹಿತವಿಲ್ಲ. ಆದರೆ ಮುಂದಿನ ತಿಂಗಳು ನೀವು ವಿಮಾನ ಹತ್ತುವವರಿದ್ದೀರಿ. ಹಾಗಾಗಿ ಮಿಕ್ಕಿದ್ದಕ್ಕೆಲ್ಲ ಮೊದಲು ಇದನ್ನೇ ಹೇಳುತ್ತೇನೆ: ಹಳೆಯ ಭಾರತೀಯ ಪಾಸ್‌ಪೋರ್ಟ್ ತೋರಿಸಿಕೊಂಡು ಬರಬೇಡಿ.

ಪೌರತ್ವ ಕಾಯ್ದೆ 1955ರದ್ದು. ಅದರ 9ನೇ ಸೆಕ್ಷನ್ ಹೇಳುವುದು ಇಷ್ಟು: ಭಾರತದ ಪ್ರಜೆಯೊಬ್ಬರು ಅರ್ಜಿ ಹಾಕಿಯೋ, ನೋಂದಣಿ ಮಾಡಿಸಿಕೊಂಡೋ, ಬೇರೆ ಯಾವುದೇ ರೀತಿಯಲ್ಲಿ ತಾವಾಗಿ ಬಯಸಿಯೋ ಇನ್ನೊಂದು ದೇಶದ ಪೌರತ್ವ ಪಡೆದರೆ, ಪಡೆದ ಕ್ಷಣದಿಂದ ಅವರು ಭಾರತದ ಪ್ರಜೆಯಲ್ಲ. ಪಾಸ್‌ಪೋರ್ಟ್ ಒಪ್ಪಿಸಿದ ಮೇಲೆ ಎಂದು ಅಲ್ಲಿಲ್ಲ. ಸರ್ಕಾರ ಆದೇಶ ಹೊರಡಿಸಿದ ಮೇಲೆ ಎಂದೂ ಇಲ್ಲ. ನೋಟಿಸು ಬರುವುದಿಲ್ಲ, ಯಾರೂ ಕರೆದು ಕೇಳುವುದಿಲ್ಲ. ಕಾನೂನು ತಾನಾಗಿಯೇ ಕೆಲಸ ಮಾಡಿ ಮುಗಿಸುತ್ತದೆ. ಜರ್ಮನಿಯ ಕಾನೂನಿನಲ್ಲಿ ಪೌರತ್ವ ಜಾರಿಗೆ ಬರುವುದು ಪ್ರಮಾಣಪತ್ರ ಕೈಗೆ ಸಿಕ್ಕಾಗ. ಪಾಸ್‌ಪೋರ್ಟ್ ಮಾಡಿಸುವುದು ಅದರ ನಂತರದ ಕೆಲಸ. ಆದ್ದರಿಂದ ‘ಜರ್ಮನ್ ಪಾಸ್‌ಪೋರ್ಟ್ ಇನ್ನೂ ತೆಗೆದುಕೊಂಡಿಲ್ಲವಲ್ಲ’ ಎಂಬ ಸಮಾಧಾನಕ್ಕೂ ಇಲ್ಲಿ ಜಾಗವಿಲ್ಲ.

ಗೊಂದಲ ಎಲ್ಲಿಂದ ಹುಟ್ಟಿತೆಂದು ನನಗೆ ಅರ್ಥವಾಗುತ್ತದೆ. 2024ರ ಜೂನ್ 27ರಂದು ಜರ್ಮನಿಯ ಹೊಸ ಕಾನೂನು ಜಾರಿಗೆ ಬಂದಾಗ ಎಲ್ಲೆಡೆ ಹರಿದಾಡಿದ್ದು ಒಂದೇ ಸುದ್ದಿ: ಇನ್ನು ಮುಂದೆ ಎರಡು ಪೌರತ್ವ ಇಟ್ಟುಕೊಳ್ಳಬಹುದು. ಸುದ್ದಿ ಸುಳ್ಳಲ್ಲ. ಆದರೆ ಅದು ಜರ್ಮನಿಯ ಮಾತು. ಹಳೆಯ ಪೌರತ್ವ ಬಿಟ್ಟು ಬಾ ಎಂಬ ಷರತ್ತನ್ನು ಜರ್ಮನಿ ಕೈಬಿಟ್ಟಿತು, ಅಷ್ಟೆ. ಭಾರತ ತನ್ನ ಪ್ರಜೆಯನ್ನು ಉಳಿಸಿಕೊಳ್ಳುತ್ತದೋ ಇಲ್ಲವೋ ಎಂಬುದನ್ನು ಜರ್ಮನಿಯ ಸಂಸತ್ತು ತೀರ್ಮಾನಿಸಲಾಗದು. ಯಾರು ತನ್ನ ಪ್ರಜೆ ಎಂಬುದನ್ನು ಪ್ರತಿ ದೇಶವೂ ತನ್ನ ಕಾನೂನಿನಲ್ಲೇ ನಿರ್ಧರಿಸುತ್ತದೆ ಎಂಬ ನಿಯಮವನ್ನು 1930ರ ಹೇಗ್ ಒಪ್ಪಂದದಲ್ಲೇ ಬರೆದಿಟ್ಟಿದ್ದಾರೆ. ಒಂದು ಕೈಯಿಂದ ಚಪ್ಪಾಳೆ ಆಗದು, ಉಭಯ ಪೌರತ್ವವೂ ಹಾಗೆಯೇ. ಬ್ರಿಟನ್, ಕೆನಡಾ, ಅಮೆರಿಕ, 2002ರಿಂದ ಆಸ್ಟ್ರೇಲಿಯಾ, ಈಗ ಜರ್ಮನಿ, ಇವೆಲ್ಲ ಒಪ್ಪಿದರೂ ಭಾರತ ಒಪ್ಪುವ ತನಕ ಭಾರತೀಯರಿಗೆ ಅದರಿಂದ ಪ್ರಯೋಜನವಿಲ್ಲ.

ಪಾಸ್‌ಪೋರ್ಟನ್ನೇ ಪೌರತ್ವ ಎಂದುಕೊಳ್ಳುವುದು ಈ ವಿಷಯದಲ್ಲಿ ನಾನು ಅತಿ ಹೆಚ್ಚು ಕಂಡ ತಪ್ಪು. ಪಾಸ್‌ಪೋರ್ಟ್ ಒಂದು ಪ್ರಯಾಣದ ಕಾಗದ. ಅದರ ಮೇಲೆ ಅಚ್ಚಾದ ದಿನಾಂಕ ಆ ಕಾಗದದ ಆಯುಸ್ಸನ್ನು ಹೇಳುತ್ತದೆಯೇ ಹೊರತು ನಿಮ್ಮ ಪೌರತ್ವದ್ದನ್ನಲ್ಲ. ಅವಧಿ ಮುಗಿದ ಪಾಸ್‌ಪೋರ್ಟ್ ಇಟ್ಟುಕೊಂಡವರು ಪ್ರಜೆಯಾಗಿಯೇ ಇರುತ್ತಾರೆ. ಅವಧಿ ಇರುವ ಪಾಸ್‌ಪೋರ್ಟ್ ಬೀರುವಿನಲ್ಲಿಟ್ಟುಕೊಂಡೂ ನೀವು ಪ್ರಜೆಯಾಗಿ ಉಳಿದಿಲ್ಲ. ಸರೆಂಡರ್ ಸರ್ಟಿಫಿಕೇಟ್ ಎಂದು ಕಾನ್ಸುಲೇಟ್ ಕೊಡುವ ಕಾಗದವೂ ಅಷ್ಟೇ. ಪೌರತ್ವವನ್ನು ಕೊನೆಗಾಣಿಸುವ ಶಕ್ತಿ ಅದಕ್ಕಿಲ್ಲ, ಆಗಲೇ ಕೊನೆಗೊಂಡದ್ದನ್ನು ಅದು ದಾಖಲಿಸುತ್ತದೆ.

‘ತಾವಾಗಿ ಬಯಸಿ’ ಎಂಬ ಮಾತಿನ ಮೇಲೆ ಸ್ವಲ್ಪ ನಿಲ್ಲಬೇಕು. ಇಡೀ ಸೆಕ್ಷನ್ ನಿಂತಿರುವುದೇ ಅದರ ಮೇಲೆ. ಭಾರತೀಯ ದಂಪತಿಗೆ ಅಮೆರಿಕದಲ್ಲಿ ಮಗು ಹುಟ್ಟಿದರೆ ಅದಕ್ಕೆ ಹುಟ್ಟಿನಿಂದಲೇ ಅಲ್ಲಿನ ಪೌರತ್ವ ಬರುತ್ತದೆ. ಮಗು ಏನನ್ನೂ ಬಯಸಿ ಪಡೆದಿಲ್ಲ. ಹುಟ್ಟಿದ ಒಂದು ವರ್ಷದೊಳಗೆ ಭಾರತದ ಕಾನ್ಸುಲೇಟಿನಲ್ಲಿ ನೋಂದಾಯಿಸಿ, ಬೇರೆ ದೇಶದ ಪಾಸ್‌ಪೋರ್ಟ್ ಪಡೆದಿಲ್ಲ ಎಂದು ತಂದೆತಾಯಿ ಘೋಷಿಸಿದರೆ ಮಗು ವಂಶದ ಮೂಲಕ ಭಾರತದ ಪ್ರಜೆಯೂ ಆಗುತ್ತದೆ. ಅಂಥ ಮಗು ಹದಿನೆಂಟು ತುಂಬಿದ ಆರು ತಿಂಗಳೊಳಗೆ ಇನ್ನೊಂದು ಪೌರತ್ವ ಬಿಡದಿದ್ದರೆ ಭಾರತದ್ದು ಹೋಗುತ್ತದೆ ಎಂದು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಅಂದರೆ ಉಭಯ ಪೌರತ್ವಕ್ಕೆ ನಮ್ಮ ಕಾನೂನಿನಲ್ಲಿ ಒಂದು ಚಿಕ್ಕ ಕಿಂಡಿ ಇದೆ, ಅದೂ ಬಾಲ್ಯ ಮುಗಿಯುವ ತನಕ ಮಾತ್ರ. ನೀವೋ ಅರ್ಜಿ ಬರೆದಿರಿ, ಶುಲ್ಕ ಕಟ್ಟಿದಿರಿ, ಸಹಿ ಹಾಕಿ ಪ್ರಮಾಣಪತ್ರ ಪಡೆದಿರಿ. ‘ಭಾರತದ್ದನ್ನು ಬಿಡುವ ಮನಸ್ಸು ನನಗಿರಲಿಲ್ಲ’ ಎಂದರೆ ನಾನು ನಂಬುತ್ತೇನೆ. ಕಾನೂನು ಆ ಪ್ರಶ್ನೆಯನ್ನೇ ಕೇಳುವುದಿಲ್ಲ. ಬಿಡುವ ಮನಸ್ಸಿತ್ತೇ ಎಂದಲ್ಲ, ಪಡೆಯುವ ಮನಸ್ಸಿತ್ತೇ ಎಂದು ಕೇಳುತ್ತದೆ.

ಅಮೆರಿಕದ ಕಾನೂನು ಇಲ್ಲಿ ನಮಗೆ ನೇರ ತದ್ವಿರುದ್ಧ. 1967ರಲ್ಲಿ ಅಫ್ರೋಯಿಮ್ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಪ್ರಜೆ ತಾನಾಗಿ ಬಿಡದ ಹೊರತು ಸರ್ಕಾರ ಪೌರತ್ವ ಕಿತ್ತುಕೊಳ್ಳುವಂತಿಲ್ಲ ಎಂದಿತು. 1980ರಲ್ಲಿ ಇನ್ನೂ ಮುಂದೆ ಹೋಗಿ, ಬಿಡುವ ಉದ್ದೇಶವನ್ನು ಸಾಬೀತು ಮಾಡುವ ಹೊಣೆ ಸರ್ಕಾರದ್ದೇ ಎಂದಿತು. ನಮ್ಮಲ್ಲೂ ಕಾನೂನು ಆ ಕಡೆಗೆ ಒಂದಿಷ್ಟಾದರೂ ವಾಲಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. 2022ರ ಒಂದೇ ವರ್ಷದಲ್ಲಿ 2,25,620 ಜನ ಭಾರತದ ಪೌರತ್ವ ಬಿಟ್ಟರೆಂದು ಸರ್ಕಾರವೇ ರಾಜ್ಯಸಭೆಗೆ ತಿಳಿಸಿತು. ಕೆಲಸ, ಮನೆ, ಮಕ್ಕಳ ಓದು ಎಂದು ಅನಿವಾರ್ಯಕ್ಕೆ ಬಿಟ್ಟವರು ಅವರಲ್ಲಿ ಎಷ್ಟೋ ಮಂದಿ. ಅವರೆಲ್ಲ ಮನಸ್ಸಿನಿಂದಲೂ ದೇಶ ಬಿಟ್ಟರು ಎನ್ನಲು ನನಗೆ ನಾಲಿಗೆ ಏಳದು. ಆದರೆ ನನ್ನ ಅಭಿಪ್ರಾಯ ಕಾನೂನಲ್ಲ. ವಲಸೆ ಅಧಿಕಾರಿಯ ಮೇಜಿನ ಮುಂದೆ ನಿಂತಾಗ ನಿಮ್ಮ ನೆರವಿಗೆ ಬರುವುದು ಅಥವಾ ಬಾರದಿರುವುದು 9ನೇ ಸೆಕ್ಷನ್ ಮಾತ್ರ.

ಈ ಸೆಕ್ಷನ್ ಇಷ್ಟು ಬಿಗಿಯಾಗಿರುವುದರ ಹಿಂದೆ ದೇಶವಿಭಜನೆಯ ಗಾಯವಿದೆ. ಪಾಕಿಸ್ತಾನಕ್ಕೆ ಹೋಗಿ, ಅಲ್ಲಿನ ಪಾಸ್‌ಪೋರ್ಟ್ ಪಡೆದು, ಮತ್ತೆ ಇಲ್ಲಿನ ಮನೆಗೆ ಮರಳಿದವರ ಮೊಕದ್ದಮೆಗಳು 1950 ಮತ್ತು 60ರ ದಶಕಗಳಲ್ಲಿ ಕೋರ್ಟುಗಳನ್ನು ತುಂಬಿದ್ದವು. ಬೇರೆ ದೇಶದ ಪಾಸ್‌ಪೋರ್ಟ್ ಪಡೆದದ್ದೇ ಆ ದೇಶದ ಪೌರತ್ವ ಬಯಸಿ ಪಡೆದದ್ದಕ್ಕೆ ನಿರ್ಣಾಯಕ ಸಾಕ್ಷ್ಯ ಎಂಬ ನಿಯಮವನ್ನು 1962ರ ಇಜ್ಹಾರ್ ಅಹ್ಮದ್ ಖಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮೂರು ವರ್ಷದ ಬಳಿಕ, ಬಲವಂತದಿಂದಲೋ ಮೋಸದಿಂದಲೋ ಆ ಪಾಸ್‌ಪೋರ್ಟ್ ಕೊಡಿಸಿದರು ಎಂದು ಯಾರಾದರೂ ಹೇಳಿದರೆ ಅದನ್ನು ವಿಚಾರಿಸಲೇಬೇಕು ಎಂದೂ ಅದೇ ಕೋರ್ಟ್ ಹೇಳಿತು. ಇನ್ನೊಂದು ರಕ್ಷಣೆಯೂ ಇದೆ. ಒಬ್ಬರು ಬೇರೆ ದೇಶದ ಪೌರತ್ವ ಪಡೆದರೇ, ಯಾವಾಗ, ಹೇಗೆ ಎಂಬ ವಿವಾದ ಎದ್ದರೆ ಅದನ್ನು ತೀರ್ಮಾನಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಮಾತ್ರ. ಪೊಲೀಸರಿಗಿಲ್ಲ, ತಹಶೀಲ್ದಾರರಿಗಿಲ್ಲ. ಚುನಾವಣಾ ತಕರಾರು ಅರ್ಜಿ ಕೇಳುವ ಹೈಕೋರ್ಟಿಗೂ ಇಲ್ಲ ಎಂದು 1986ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಆದರೆ ಇದು ನಿಜವಾದ ವಿವಾದ ಇರುವವರಿಗೆ. ನಿಮ್ಮ ಸಂಗತಿಯಲ್ಲಿ ದಿನಾಂಕ ಸಮೇತ ಸರ್ಕಾರಿ ಪ್ರಮಾಣಪತ್ರ ಇದೆ, ವಿವಾದಕ್ಕೆ ಏನೂ ಉಳಿದಿಲ್ಲ.

ಈಗ ಪ್ರಯಾಣ. ಕೆಲವು ವರ್ಷಗಳ ಹಿಂದೆ ನನ್ನ ಬಳಿ ಬಂದ ಒಬ್ಬರು ಬೇರೆ ದೇಶದ ಪ್ರಜೆಯಾದ ಮೇಲೂ ಎರಡು ಸಲ ಭಾರತೀಯ ಪಾಸ್‌ಪೋರ್ಟಿನಲ್ಲೇ ಬಂದುಹೋಗಿದ್ದರು. ಕೆಟ್ಟ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ‘ಅವಧಿ ಇತ್ತಲ್ಲ ಸಾರ್’ ಎಂದರು. ತಾಯಿಯ ತಿಥಿಗೆಂದು ಹೊರಟವರು ದಂಡ, ವಿವರಣೆ, ಕಾಗದಪತ್ರ ಎಂದು ವಾರಗಟ್ಟಲೆ ಓಡಾಡುವಂತಾಗಿ ತಿಥಿ ತಪ್ಪಿತು. ನಿಮಗೆ ಹಾಗಾಗುವುದು ಬೇಡ. ಇಂದೇ ಜರ್ಮನ್ ಪಾಸ್‌ಪೋರ್ಟಿಗೆ ಅರ್ಜಿ ಹಾಕಿ, ತುರ್ತು ಸೇವೆಯಲ್ಲಿ ಕೇಳಿದರೆ ಕೆಲವೇ ದಿನಗಳಲ್ಲಿ ಸಿಗುತ್ತದೆ. ಅದು ಬಂದ ಕೂಡಲೇ ಭಾರತದ ಕಾನ್ಸುಲೇಟಿಗೆ ಹಳೆಯ ಪಾಸ್‌ಪೋರ್ಟ್ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟಿಗೆ ಅರ್ಜಿ ಕೊಡಿ. ಬೇರೆ ದೇಶದ ಪ್ರಜೆಯಾದ ಭಾರತ ಮೂಲದವರಿಗೆ ಕೊಡುವ ಒಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡಿಗೆ ಸಮಯ ಹಿಡಿಯುತ್ತದೆ. ಅಪ್ಪನನ್ನು ನೋಡಲು ಅದಕ್ಕಾಗಿ ಕಾಯಬೇಡಿ, ಈ ಸಲಕ್ಕೆ ವೀಸಾ ಮಾಡಿಸಿ. ಅಪ್ಪನ ವೈದ್ಯರಿಂದ ಒಂದು ಪತ್ರ ತರಿಸಿಕೊಂಡು ಅರ್ಜಿಯ ಜೊತೆಗಿಡಿ.

ಹಳೆಯ ಪಾಸ್‌ಪೋರ್ಟಿನ ನವೀಕರಣದ ಯೋಚನೆಯನ್ನಂತೂ ಯಾರು ಹೇಳಿದರೂ ಮಾಡಬೇಡಿ. ಪ್ರಜೆಯಲ್ಲದವರು ಪೌರತ್ವದ ಸಂಗತಿ ಮುಚ್ಚಿಟ್ಟು ಭಾರತೀಯ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದರೆ, 1967ರ ಪಾಸ್‌ಪೋರ್ಟ್ ಕಾಯ್ದೆಯಡಿ ಒಂದು ವರ್ಷದಿಂದ ಐದು ವರ್ಷದವರೆಗೆ ಜೈಲು. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಅದನ್ನೂ ತೆಗೆಸಿ, ಫಾರಂ 7 ಇರುವುದು ಅದಕ್ಕೇ. ಹೊರದೇಶದಲ್ಲಿರುವ ಭಾರತೀಯರಿಗೆ 2010ರಲ್ಲಿ ಸಿಕ್ಕ ಮತದ ಹಕ್ಕು ಬೇರೆ ಪೌರತ್ವ ಪಡೆಯದವರಿಗೆ ಮಾತ್ರ.

ಮಗಳ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಅತಿ ಮುಖ್ಯವಾಗಿ ಕಂಡದ್ದು ಇದೇ, ಸಮಾಧಾನದ ಉತ್ತರ ಇರುವುದೂ ಇಲ್ಲೇ. ನಿಮ್ಮ ಪೌರತ್ವ ಹೋದದ್ದರಿಂದ ಅವಳದು ಹೋಗಿಲ್ಲ. 9ನೇ ಸೆಕ್ಷನ್ ಬೇರೆ ಪೌರತ್ವ ಪಡೆದ ವ್ಯಕ್ತಿಗಷ್ಟೇ ತಗಲುತ್ತದೆ, ಮಕ್ಕಳ ಹೆಸರು ಅದರಲ್ಲಿಲ್ಲ. ಮಕ್ಕಳ ಮಾತು ಬರುವುದು 8ನೇ ಸೆಕ್ಷನ್‌ನಲ್ಲಿ. ಭಾರತದ ಪ್ರಜೆಯೊಬ್ಬರು ‘ನಾನು ಪೌರತ್ವ ತ್ಯಜಿಸುತ್ತೇನೆ’ ಎಂದು ಘೋಷಣೆ ಸಲ್ಲಿಸಿ, ಅದು ನೋಂದಣಿಯಾದರೆ ಅವರ ಅಪ್ರಾಪ್ತ ಮಕ್ಕಳ ಪೌರತ್ವವೂ ಜೊತೆಗೇ ಹೋಗುತ್ತದೆ. ಹದಿನೆಂಟಾದ ಒಂದು ವರ್ಷದೊಳಗೆ ಮರಳಿ ಪಡೆಯುವೆನೆಂದು ಘೋಷಿಸುವ ಹಕ್ಕು ಆ ಮಕ್ಕಳಿಗಿದೆ, ನಿಜ. ಆದರೆ ಅಲ್ಲಿಯವರೆಗೆ, ಬೇರೆ ಪೌರತ್ವ ಇಲ್ಲದ ಮಗು ಯಾವ ದೇಶಕ್ಕೂ ಸೇರದೆ ನಡುನೀರಿನಲ್ಲಿ ನಿಲ್ಲಬೇಕಾಗುತ್ತದೆ.

ಈ ಎರಡು ಸೆಕ್ಷನ್‌ಗಳ ನಡುವಿನ ಗೆರೆ ಎಷ್ಟು ಗಟ್ಟಿ ಎಂಬುದನ್ನು 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತೋರಿಸಿಕೊಟ್ಟಿತು. ತಾನು ಹುಟ್ಟುವ ಮೊದಲೇ ತಂದೆತಾಯಿ ಸಿಂಗಪುರದ ಪೌರತ್ವ ಪಡೆದಿದ್ದ ಯುವಕನೊಬ್ಬ, 8ನೇ ಸೆಕ್ಷನ್ ಕೊಡುವ ಮರಳಿ ಪಡೆಯುವ ಹಕ್ಕನ್ನು ಕೇಳಿದ್ದ. ಮದ್ರಾಸ್ ಹೈಕೋರ್ಟ್ ಅವನ ಪರ ನಿಂತಿತ್ತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ: ತಂದೆತಾಯಿಯ ಪೌರತ್ವ ಹೋದದ್ದು 9ನೇ ಸೆಕ್ಷನ್‌ನಿಂದ ತಾನಾಗಿ, 8ರ ತ್ಯಾಗದಿಂದಲ್ಲ, ಆದ್ದರಿಂದ 8ರ ಹಕ್ಕು ಅವನಿಗೆ ಸಲ್ಲದು ಎಂದಿತು. ಆ ಯುವಕನಿಗೆ ಬಾಗಿಲು ಮುಚ್ಚಿದ ಅದೇ ತರ್ಕ ನಿಮ್ಮ ಮಗಳನ್ನು ಕಾಯುತ್ತದೆ. ಹಾಗಾಗಿ ಕಾನ್ಸುಲೇಟಿನ ಅರ್ಜಿ ತುಂಬುವಾಗ ‘ತ್ಯಾಗ’ ಎಂಬ ಮಾತು ಎಲ್ಲಿ ಕಂಡರೂ ನಿಧಾನಿಸಿ ಓದಿ. ಇಂಥ ದಿನ ಜರ್ಮನ್ ಪೌರತ್ವ ಪಡೆದದ್ದರಿಂದ 9ನೇ ಸೆಕ್ಷನ್ ಪ್ರಕಾರ ಪ್ರಜೆಯಾಗಿ ಉಳಿದಿಲ್ಲ ಎಂದೇ ನಮೂದಿಸಿ, ಪ್ರಮಾಣಪತ್ರದ ಪ್ರತಿ ಲಗತ್ತಿಸಿ. ಮಗಳಿಗೆ ಪ್ರತ್ಯೇಕ ಭಾರತೀಯ ಪಾಸ್‌ಪೋರ್ಟ್ ಇದೆ, ಅವಳು ಜರ್ಮನ್ ಪೌರತ್ವ ಪಡೆದಿಲ್ಲ ಎಂಬುದನ್ನೂ ಬರೆದಿಡಿ. ಮುಂದೆ ಅವಳನ್ನೂ ಜರ್ಮನ್ ಪ್ರಜೆ ಮಾಡಿಸಿದರೆ ಮಾತು ಬೇರೆ. ಒಂಬತ್ತು ವರ್ಷದ ಮಗುವಿನ ‘ಸ್ವಂತ ಇಚ್ಛೆ’ ಎಂದರೇನು ಎಂದು ವಾದಿಸಲು ಎಡೆ ಇದೆ, ಆದರೆ ಆ ವಾದವನ್ನು ನೆಚ್ಚಿಕೊಂಡು ಮಗುವಿನ ಹಳೆಯ ಪಾಸ್‌ಪೋರ್ಟ್ ಬಳಸುವ ಸಾಹಸ ಬೇಡ. ಅವಸರವೂ ಬೇಡ. ಅವಳಿಗೆ ತಿಳಿವಳಿಕೆ ಬಂದ ಮೇಲೆ ಅವಳನ್ನೇ ಕೂರಿಸಿಕೊಂಡು ಮಾತಾಡಿ ತೀರ್ಮಾನಿಸುವಷ್ಟು ಕಾಲ ನಿಮಗಿದೆ.

ಒಸಿಐ ಕಾರ್ಡಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಆ ಹೆಸರಿನಲ್ಲಿರುವ ‘ಸಿಟಿಜನ್’ ಎಂಬ ಪದ ಎಷ್ಟೋ ಜನರನ್ನು ತಪ್ಪುದಾರಿಗೆ ಎಳೆದಿದೆ. ಎಲ್.ಎಂ. ಸಿಂಘ್ವಿ ನೇತೃತ್ವದ ಸಮಿತಿ 2002ರಲ್ಲಿ ಉಭಯ ಪೌರತ್ವದ ಶಿಫಾರಸು ಮಾಡಿದಾಗ ಹುಟ್ಟಿದ ಆಸೆ, ಕಾನೂನಾಗಿ ಹೊರಬರುವಷ್ಟರಲ್ಲಿ ಬಹಳ ಸಣ್ಣದಾಗಿತ್ತು. ಯಾವ ದೇಶಗಳ ಪ್ರಜೆಗಳಾದವರಿಗೆ ಇದು ಸಿಗುತ್ತದೆ ಎಂಬ 2003ರ ತಿದ್ದುಪಡಿಯ ಪಟ್ಟಿಯಲ್ಲಿದ್ದದ್ದು 16 ದೇಶಗಳು, ಜರ್ಮನಿ ಅದರಲ್ಲಿರಲಿಲ್ಲ. 2005ರಲ್ಲಿ ಪಟ್ಟಿ ಹೋಯಿತು. 2015ರ ಬಳಿಕ ಕಾಯ್ದೆ ನಿಮ್ಮಂಥವರನ್ನು ‘ಕಾರ್ಡುದಾರರು’ ಎಂದೇ ಕರೆಯುತ್ತದೆ. ಅದು ಪ್ರಾಮಾಣಿಕವಾದ ಹೆಸರು. ಜೀವನಪರ್ಯಂತ ಬಂದುಹೋಗಬಹುದು, ಎಷ್ಟು ದಿನ ಬೇಕಾದರೂ ಇರಬಹುದು, ಕೆಲಸ ಮಾಡಬಹುದು, ಮನೆ ಕೊಳ್ಳಬಹುದು. ಮತ ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಸಾರ್ವಜನಿಕ ಹುದ್ದೆಯಲ್ಲಿ ಸಮಾನ ಅವಕಾಶದ ಹಕ್ಕಿಲ್ಲ. ಸಂಶೋಧನೆ, ಪತ್ರಿಕೋದ್ಯಮ, ಪರ್ವತಾರೋಹಣದಂಥ ಕೆಲಸಗಳಿಗೆ 2021ರ ಮಾರ್ಚ್ ಅಧಿಸೂಚನೆಯಂತೆ ವಿಶೇಷ ಅನುಮತಿ ಬೇಕು. ಕಾಯ್ದೆ ಹೇಳುವ ಕಾರಣಗಳಿದ್ದರೆ ಸರ್ಕಾರ ನಿಮ್ಮ ವಾದ ಕೇಳಿದ ಬಳಿಕ ಕಾರ್ಡನ್ನು ರದ್ದು ಮಾಡಲೂಬಹುದು.

ಹೊಲ ಹೋಗುವುದಿಲ್ಲ. ಭಾರತದಲ್ಲಿ ವಾಸವಿರುವ ಅಪ್ಪನಿಂದ ವಾರಸುದಾರಿಕೆಯಲ್ಲಿ ಬರುವ ಕೃಷಿ ಜಮೀನನ್ನು ಪಡೆದು ಇಟ್ಟುಕೊಳ್ಳಲು ವಿದೇಶಿ ವಿನಿಮಯ ಕಾನೂನಿನ ಅಡ್ಡಿಯಿಲ್ಲ. ಮಗಳಾಗಿ ನಿಮಗಿರುವ ಪಾಲು ಪೌರತ್ವಕ್ಕೆ ಅಂಟಿಕೊಂಡದ್ದಲ್ಲ. ಆದರೆ ಹೊಸದಾಗಿ ಕೃಷಿ ಜಮೀನು, ತೋಟದ ಮನೆ, ಪ್ಲಾಂಟೇಶನ್ ಕೊಳ್ಳುವಂತಿಲ್ಲ, ದಾನವಾಗಿ ಪಡೆಯುವಂತೆಯೂ ಇಲ್ಲ. ಹುಷಾರಿಲ್ಲದ ಹೊತ್ತಿನಲ್ಲಿ ‘ಈಗಲೇ ಮಗಳ ಹೆಸರಿಗೆ ದಾನಪತ್ರ ಮಾಡಿಬಿಡಿ’ ಎಂದು ಅಪ್ಪನಿಗೆ ಹೇಳುವವರು ಇದ್ದೇ ಇರುತ್ತಾರೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಉಯಿಲು ಬರೆಸಬಹುದು. ಬಂದ ಜಮೀನನ್ನು ಮುಂದೆ ಮಾರುವುದಾದರೆ ಭಾರತದಲ್ಲೇ ವಾಸಿಸುವ ಭಾರತದ ಪ್ರಜೆಗೆ ಮಾರಿ.

ಕೊನೆಯ ಪ್ರಶ್ನೆ, ಮರಳುವ ದಾರಿ. ಜರ್ಮನ್ ಪೌರತ್ವ ಬಿಟ್ಟ ಮಾತ್ರಕ್ಕೆ ಭಾರತದ್ದು ತಾನಾಗಿ ಮರಳುವುದಿಲ್ಲ. ಪೌರತ್ವ ಪಡೆಯುವಾಗ ಸುಳ್ಳು ಹೇಳಿದ್ದರೆಂದು ಜರ್ಮನಿ ಹತ್ತು ವರ್ಷದೊಳಗೆ ಅದನ್ನು ಹಿಂಪಡೆಯಬಹುದು, ಅಂಥವರಿಗೂ ಭಾರತದ್ದು ಮತ್ತೆ ಚಿಗುರದು. ಹೊಸದಾಗಿಯೇ ಅರ್ಜಿ ಹಾಕಬೇಕು. 5ನೇ ಸೆಕ್ಷನ್‌ನಲ್ಲಿ ನಿಮಗೆ ಎರಡು ದಾರಿಗಳಿವೆ. ತಾವು ಅಥವಾ ತಂದೆತಾಯಿಯಲ್ಲೊಬ್ಬರು ಸ್ವತಂತ್ರ ಭಾರತದ ಪ್ರಜೆಯಾಗಿದ್ದವರು ಅರ್ಜಿಗೆ ಮುಂಚಿನ ಹನ್ನೆರಡು ತಿಂಗಳು ಭಾರತದಲ್ಲಿ ವಾಸವಿದ್ದು ನೋಂದಣಿ ಕೇಳಬಹುದು. ಐದು ವರ್ಷ ಒಸಿಐ ಕಾರ್ಡುದಾರರಾಗಿದ್ದವರೂ ಹನ್ನೆರಡು ತಿಂಗಳ ವಾಸದ ಬಳಿಕ ಕೇಳಬಹುದು. ಎರಡರಲ್ಲೂ ಜರ್ಮನ್ ಪೌರತ್ವ ಬಿಡಲೇಬೇಕು, ಕೊಡುವುದು ಬಿಡುವುದು ಕೇಂದ್ರ ಸರ್ಕಾರದ ವಿವೇಚನೆ. ಆ ಅರ್ಜಿಯ ದಿನ ನೀವು ಮೊದಲು ಸಾಬೀತು ಮಾಡಬೇಕಾದ್ದು ಒಂದು ಕಾಲದಲ್ಲಿ ಭಾರತದ ಪ್ರಜೆಯಾಗಿದ್ದಿರಿ ಎಂಬುದನ್ನು. ಕಾನ್ಸುಲೇಟ್ ನಿಮ್ಮ ಹಳೆಯ ಪಾಸ್‌ಪೋರ್ಟಿಗೆ ರದ್ದು ಮುದ್ರೆ ಒತ್ತಿ ಹಿಂದಿರುಗಿಸುತ್ತದೆ. ಅದನ್ನು ಎಸೆಯಬೇಡಿ, ಸರೆಂಡರ್ ಸರ್ಟಿಫಿಕೇಟಿನ ಜೊತೆ ಅದೇ ಬೀರುವಿನಲ್ಲಿ ಜೋಪಾನವಾಗಿಡಿ.